ವಿದೇಶದಲ್ಲಿ ಸಿದ್ಧವಾಗುವ ಕಟ್ಟಡ ನಕ್ಷೆ: ಶುಲ್ಕದ ಆಚೆಗಿನ ವೆಚ್ಚ

ಹೊಸ ಶೆಡ್ಡು ಅಥವಾ ಗೋದಾಮಿನ ವಿನ್ಯಾಸವನ್ನು ಅಂತರ್ಜಾಲದ ಮೂಲಕ ವಿದೇಶದ ಸ್ವತಂತ್ರ ವಿನ್ಯಾಸಕಾರರಿಂದ ಮಾಡಿಸಿಕೊಳ್ಳುವ ಉದ್ದಿಮೆದಾರರು ಸಾಮಾನ್ಯವಾಗಿ ಶುಲ್ಕವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಮೇಲಿನ ತೆರಿಗೆ ತಮ್ಮದೇ ಹೊಣೆಯೆಂಬ ಸಂಗತಿ ಅನೇಕರಿಗೆ ತಿಳಿಯುವುದು ಲೆಕ್ಕಪರಿಶೋಧನೆಯ ವೇಳೆಯಲ್ಲಿ.

ಸ್ಥಿರಾಸ್ತಿಗೆ ನೇರವಾಗಿ ಸಂಬಂಧಿಸಿದ ಸೇವೆಯು, ವಾಸ್ತುಶಿಲ್ಪಿಯ ಸೇವೆಯೂ ಸೇರಿದಂತೆ, ಆಸ್ತಿ ಇರುವ ಸ್ಥಳದಲ್ಲಿಯೇ ಪೂರೈಕೆಯಾಯಿತೆಂದು 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 13(4)ನೇ ಪ್ರಕರಣ ಹೇಳುತ್ತದೆ. ಕಟ್ಟಡ ತುಮಕೂರಿನಲ್ಲಿದ್ದರೆ, ನಕ್ಷೆ ಮನಿಲಾದಲ್ಲಿ ತಯಾರಾದರೂ ಅದು ಸೇವೆಯ ಆಮದು. ರಿವರ್ಸ್ ಚಾರ್ಜ್ ಪ್ರಕಾರ ಶೇ. 18ರ ತೆರಿಗೆಯನ್ನು ಸೇವೆ ಪಡೆದವರೇ ತೆರಬೇಕು. ಅದೂ ನಗದು ಖಾತೆಯಿಂದ, ಜಮೆಯಲ್ಲಿ ಹೊಂದಿಸುವಂತಿಲ್ಲ. 2 ಲಕ್ಷ ರೂಪಾಯಿ ಶುಲ್ಕಕ್ಕೆ 36,000 ರೂಪಾಯಿ. ವಹಿವಾಟು ನೋಂದಣಿ ಮಿತಿಯೊಳಗಿದ್ದರೂ ಈ ಹೊಣೆ ಬಂದೊಡನೆ ನೋಂದಣಿ ಕಡ್ಡಾಯ.

ಈ ಮೊತ್ತ ಹಿಂದಿರುಗುವುದೆಂದು ನೆಮ್ಮದಿಪಡುವಂತಿಲ್ಲ. ಸ್ವಂತ ಕಟ್ಟಡದ ನಿರ್ಮಾಣಕ್ಕೆ ಪಡೆದ ಸೇವೆಯ ಮೇಲಿನ ಹೂಡುವಳಿ ತೆರಿಗೆ ಜಮೆಗೆ ಕೇಂದ್ರ ಕಾಯ್ದೆಯ 17(5)ನೇ ಪ್ರಕರಣ ತಡೆಯೊಡ್ಡಿದೆ. ಸ್ಥಳೀಯ ವಾಸ್ತುಶಿಲ್ಪಿಯ ಬಿಲ್ಲಿಗೂ ಇದೇ ತಡೆ. ಆದರೆ ಅಲ್ಲಿ ತೆರಿಗೆ ಬಿಲ್ಲಿನಲ್ಲಿಯೇ ಕಾಣುತ್ತದೆ. ಯಂತ್ರಗಳಿಗೂ ಅವುಗಳ ಅಡಿಪಾಯಕ್ಕೂ ಈ ತಡೆಯಿಲ್ಲವಾದ್ದರಿಂದ ಆ ಭಾಗದ ವಿನ್ಯಾಸಕ್ಕೆ ಪ್ರತ್ಯೇಕ ಇನ್‌ವಾಯ್ಸ್ ಪಡೆಯುವುದು ಜಾಣತನ.

ಹಣ ರವಾನೆಗೆ ಮುನ್ನ ಆದಾಯ ತೆರಿಗೆ ಕಡಿತದ ಪ್ರಶ್ನೆಯೂ ಉಂಟು. ದ್ವಿತೆರಿಗೆ ತಪ್ಪಿಸುವ ಒಪ್ಪಂದದ ಪ್ರಯೋಜನಕ್ಕೆ ವಿನ್ಯಾಸಕಾರರು ತಮ್ಮ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಒದಗಿಸಬೇಕು. ಕಡಿತ ಅನ್ವಯಿಸಿದಲ್ಲಿ, ನಿವ್ವಳ ಮೊತ್ತಕ್ಕೆ ಒಪ್ಪಿಕೊಂಡವರು ಆ ತೆರಿಗೆಯನ್ನೂ ತಾವೇ ಹೊರಬೇಕಾಗುತ್ತದೆ.

ಇನ್ನು ಸ್ಥಳೀಯ ಸಂಸ್ಥೆಯ ಮಂಜೂರಾತಿಗೆ ಇಲ್ಲಿನ ಅರ್ಹ ವಾಸ್ತುಶಿಲ್ಪಿ ಅಥವಾ ಇಂಜಿನಿಯರರ ಸಹಿ ಬೇಕು. ಆ ಶುಲ್ಕವನ್ನೂ ಕೂಡಿಸಿಯೇ ದರ ಹೋಲಿಸತಕ್ಕದ್ದು.