ಲಾಳ ಕಟ್ಟುವವರಿಗೆ ಇನಾಮು ಕೊಡಲೇಬೇಕೆ?

ಕುದುರೆಯ ಆರೈಕೆ ಕುರಿತು ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗದ ಬಗ್ಗೆ ಅಲ್ಲ, ಹಣದ ಬಗ್ಗೆ. ಲಾಳ ಕಟ್ಟುವವರಿಗೆ ಕೂಲಿಯ ಮೇಲೆ ಏನಾದರೂ ಕೊಡಬೇಕೆ, ಕೊಟ್ಟರೆ ಎಷ್ಟು, ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಸಂಕೋಚಪಡುವಂಥ ಪ್ರಶ್ನೆಯೇನಲ್ಲ ಇದು. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಯಲಹಂಕದ ಆಚೆ ಒಂದು ಸವಾರಿ ಶಾಲೆಯಲ್ಲಿ ನನ್ನ ಹೆಣ್ಣುಕುದುರೆಯನ್ನು ಲಿವರಿಗೆ (ತಿಂಗಳ ಹಣ ಕೊಟ್ಟು ಬೇರೆಯವರ ಲಾಯದಲ್ಲಿ ಸಾಕಿಸುವುದು) ಬಿಟ್ಟಿದ್ದೇನೆ. ಐದಾರು ವಾರಕ್ಕೊಮ್ಮೆ ಫ್ಯಾರಿಯರ್ (ಲಾಳ ಕಟ್ಟುವವರು) ಬರುತ್ತಾರೆ. ಉಳಿದ ಮಾಲೀಕರು ಪ್ರತಿ ಸಲ ಅವರ ಕೈಗೆ ಏನಾದರೂ ಇಡುತ್ತಾರೆ, ನಾನು ಇಟ್ಟಿಲ್ಲ. ಅದೇ ಸಿಟ್ಟಿಗೆ ಮೊಳೆಯನ್ನು ತಪ್ಪಾಗಿ ಹೊಡೆದುಬಿಟ್ಟರೆ ಎಂದು ಭಯವಾಗುತ್ತದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಇನಾಮು ಕೊಡದವರ ಕುದುರೆಯ ಕೆಲಸ ಕೆಡಬಹುದು ಎಂಬುದು ಒಂದು. ಕೆಟ್ಟರೂ ನಿಮಗೆ ಗೊತ್ತಾಗಲಿಕ್ಕಿಲ್ಲ ಎಂಬುದು ಇನ್ನೊಂದು. ಹೊಸದಾಗಿ ಕುದುರೆ ಕೊಂಡವರಿಗೆ ಎರಡೂ ಸಹಜ.

ಮೊದಲನೆಯದನ್ನು ಮನಸ್ಸಿನಿಂದ ತೆಗೆದುಹಾಕಿ. ಲಾಳ ಕಟ್ಟಿಸಿದ ಮರುದಿನ ಒಂದು ಕುದುರೆ ಕುಂಟಿದರೆ ಸಂಜೆಯೊಳಗೆ ಆ ಸುದ್ದಿ ಸುತ್ತಲಿನ ಲಾಯಗಳಿಗೆಲ್ಲ ಮುಟ್ಟುತ್ತದೆ. ಕೈಗೆ ಹತ್ತಿದ ಕೆಲಸವೂ ಕಟ್ಟಿಕೊಂಡ ಹೆಸರೂ ಇರುವವರು ನೂರಿನ್ನೂರು ರೂಪಾಯಿಗಾಗಿ ಅನ್ನದ ದಾರಿಗೆ ಕಲ್ಲು ಹಾಕಿಕೊಳ್ಳುವುದಿಲ್ಲ.

ಎರಡನೆಯ ಭಯಕ್ಕೆ ಮದ್ದು, ಪಕ್ಕದಲ್ಲಿ ನಿಂತು ನೋಡುವುದು. ಗೊರಸಿನ ಹೊರಗೋಡೆಯಲ್ಲಿ ನಮ್ಮ ಉಗುರಿನ ತುದಿಯಂತೆ ನೋವಿನ ಅರಿವಿಲ್ಲ. ಬಿಳಿ ಗೆರೆಯ (ಈ ಗೋಡೆ ಅಂಗಾಲಿಗೆ ಕೂಡುವಲ್ಲಿ ಕಾಣುವ ತೆಳುಪಟ್ಟಿ) ಹೊರಮಗ್ಗುಲಲ್ಲೇ ಮೊಳೆ ಇಳಿಯಬೇಕು. ಅದಕ್ಕೆಂದೇ ಮೊಳೆಯ ಮೊನೆಯನ್ನು ಒಂದು ಕಡೆ ಓರೆ ಮಾಡಿರುತ್ತಾರೆ. ಓರೆಯನ್ನು ಒಳಮುಖವಾಗಿ ಹಿಡಿದು ಹೊಡೆದರೆ ಮೊಳೆ ಹೊರಕ್ಕೆ ಬಾಗುತ್ತ ಹೋಗಿ ಗೋಡೆಯಿಂದ ಮೊನೆ ಚಾಚುತ್ತದೆ. ಚಾಚಿದ ಕೂಡಲೇ ಫ್ಯಾರಿಯರ್ ಅದನ್ನು ಸುತ್ತಿಗೆಯ ಕೊಕ್ಕೆಯಿಂದ ತಿರುಚಿ ಮುರಿಯುತ್ತಾರೆ. ಅಷ್ಟರಲ್ಲಿ ಕುದುರೆ ಕಾಲು ಎಳೆದುಕೊಂಡರೆ ಆ ಮೊನೆ ಸೀಳುವುದು ಅವರದೇ ತೊಡೆಯನ್ನು. ಉಳಿದ ಚೂರನ್ನು ಮಡಚಿ ಗೋಡೆಗೆ ಕೂರಿಸಿ, ಅರದಿಂದ ಉಜ್ಜಿ ನಯ ಮಾಡುತ್ತಾರೆ.

ನುರಿತವರ ಕೈಯಲ್ಲೂ ಅಪರೂಪಕ್ಕೆ ಮೊಳೆ ಒಳಭಾಗಕ್ಕೆ ತೀರ ಹತ್ತಿರವಾಗುವುದುಂಟು. ಇನಾಮಿಗೂ ಅದಕ್ಕೂ ಸಂಬಂಧವಿಲ್ಲ. ಕಟ್ಟಿಸಿದ ಎರಡು ಮೂರು ದಿನದಲ್ಲಿ ಕುದುರೆ ಕುಂಟಿದರೆ, ಒಂದು ಗೊರಸು ಉಳಿದವಕ್ಕಿಂತ ಬಿಸಿಯಾಗಿದ್ದರೆ ಫ್ಯಾರಿಯರ್‌ಗೂ ಪಶುವೈದ್ಯರಿಗೂ ತಡಮಾಡದೆ ತಿಳಿಸಿ. ಧನುರ್ವಾಯು ಇಂಥ ಮೊಳೆಯ ಗಾಯದಿಂದ ಕುದುರೆಗಳಿಗೆ ಸುಲಭವಾಗಿ ತಗಲುವ ರೋಗ. ಅದರ ಲಸಿಕೆಯ ದಿನಾಂಕವನ್ನೂ ನೋಡಿಕೊಳ್ಳಿ.

ಇನ್ನು ಇನಾಮು. ಫ್ಯಾರಿಯರ್ ತಾವೇ ದರ ಹೇಳಿ ತಾವೇ ಹಣ ಪಡೆಯುವವರಾದರೆ ಅವರ ಶ್ರಮ, ಪ್ರಯಾಣ, ಲಾಳ, ಮೊಳೆ ಎಲ್ಲವೂ ಆ ದರದಲ್ಲಿ ಸೇರಿವೆ. ಮೇಲೆ ಕೊಡುವುದು ನಿಮ್ಮ ಖುಷಿ. ಶಾಲೆ ಅವರನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರೆ ಮ್ಯಾನೇಜರನ್ನು ಕೇಳಿಯೇ ಕೊಡಿ. ಕೆಲವು ಕಡೆ ಅದಕ್ಕೆ ಅವಕಾಶವಿರುವುದಿಲ್ಲ. ಕೈಗೆ ಏನಾದರೂ ಇಡಲೇಬೇಕು ಅನ್ನಿಸಿದರೆ, ಅಷ್ಟು ಹೊತ್ತೂ ಕುದುರೆಯ ತಲೆ ಹಿಡಿದು ನಿಂತ ಸೈಸ್‌ನನ್ನು (ಕುದುರೆ ನೋಡಿಕೊಳ್ಳುವ ಆಳು) ಮೊದಲು ನೆನೆಯಿರಿ. ಅವನ ಸಂಬಳ ಚಿಕ್ಕದು.

ಪ್ರಶ್ನೆ: ಅರಮನೆ ಹತ್ತಿರ ಟಾಂಗಾ ಓಡಿಸುತ್ತೇನೆ. ನಮ್ಮ ತಂದೆಯವರ ಕಾಲದಿಂದಲೂ ಒಂದೇ ಮನೆತನದ ನಾಲಬಂದರು ಲಾಳ ಕಟ್ಟುತ್ತಿದ್ದಾರೆ. ದಸರಾ ಮುಗಿದ ಮೇಲೆ ದುಡಿಮೆ ಇಳಿಯುತ್ತದೆ, ಕೂಲಿಯನ್ನೇ ಎರಡು ಕಂತು ಮಾಡಿ ಕೊಡುತ್ತೇನೆ. ಅವರು ಬಾಯಿಬಿಟ್ಟು ಕೇಳಿಲ್ಲ, ನನಗೇ ನಾಚಿಕೆ. ಲಾಳ ಕಟ್ಟಿಸುವುದನ್ನು ಹದಿನೈದು ದಿನ ಮುಂದೂಡಿ, ಉಳಿದ ಹಣದಲ್ಲಿ ಅವರಿಗೆ ಏನಾದರೂ ಕೊಡಲೇ?
– ಟಾಂಗಾ ಮಾಲೀಕರು, ಮೈಸೂರು

ಉತ್ತರ: ನಿಮ್ಮ ಮನಸ್ಸು ದೊಡ್ಡದು. ನಾಚಿಕೆಪಡುವಂಥದ್ದು ನೀವೇನೂ ಮಾಡಿಲ್ಲ. ಆದರೆ ದಯವಿಟ್ಟು ದಿನ ಮುಂದೂಡಬೇಡಿ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳವಿರುವ ಗೊರಸು ನೆಲಕ್ಕೆ ತಾಗಿ ಸವೆಯುವುದಿಲ್ಲವಾದ್ದರಿಂದ, ಬೆಳೆದದ್ದನ್ನು ನಾಲಬಂದರೇ ಕತ್ತರಿಸಬೇಕು. ತಡವಾದರೆ ಗೊರಸಿನ ಮುಂಭಾಗ ಉದ್ದವಾಗಿ, ಕಾಲಿನ ಹಿಂಬದಿಯ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ಗಟ್ಟಿ ಹುರಿ) ಹೆಜ್ಜೆಹೆಜ್ಜೆಗೂ ಜಗ್ಗುತ್ತದೆ. ಮೊಳೆ ಸಡಿಲವಾಗಿ ಲಾಳ ಅಲುಗಾಡುತ್ತದೆ. ಟಾರು ರಸ್ತೆಯಲ್ಲಿ ಅದು ಕಳಚಿ ಬಿದ್ದರೆ ಗೊರಸಿನ ಗೋಡೆಯೇ ಕಿತ್ತುಬರಬಹುದು. ಹದಿನೈದು ದಿನದ ಉಳಿತಾಯಕ್ಕೆ ತಿಂಗಳ ದುಡಿಮೆ ಹೋಗುತ್ತದೆ.

ಖರ್ಚು ಕಡಿಮೆ ಮಾಡಲು ಬೇರೆ ದಾರಿಯಿದೆ. ಲಾಳ ಪೂರ್ತಿ ಸವೆದಿರದಿದ್ದರೆ ಅದನ್ನೇ ಬಿಚ್ಚಿ, ಗೊರಸು ಕತ್ತರಿಸಿ ಸಮ ಮಾಡಿ, ಹೊಸ ಮೊಳೆಯಲ್ಲಿ ಮತ್ತೆ ಕಟ್ಟಬಹುದು. ನಾಲ್ಕರಲ್ಲಿ ಎರಡು ಹಳೆಯವೇ ನಡೆದರೂ ನಿಮಗೆ ಅಷ್ಟು ಹಗುರ. ಯಾವುದು ನಡೆಯುತ್ತದೆ ಎಂದು ತೀರ್ಮಾನಿಸುವ ಕೆಲಸ ಮಾತ್ರ ಅವರಿಗೇ ಬಿಡಿ.

ಬೆವರು ಆರುವ ಮುನ್ನ ಕೂಲಿ ಕೊಡಬೇಕು ಎಂಬ ಮಾತಿದೆ. ಸಾಧ್ಯವಿದ್ದಾಗ ಪೂರ್ತಿ ಹಣವನ್ನು ಅದೇ ದಿನ ಕೊಡಿ. ಆಗದ ತಿಂಗಳು ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ, ಮುಗಿದ ಮೇಲೆ ಅಲ್ಲ. ದಸರೆಯಲ್ಲಿ ನಾಲ್ಕು ಕಾಸು ಕೈಯಲ್ಲಿರುವಾಗ, ಆಯುಧಪೂಜೆಗೆ ಗಾಡಿ ತೊಳೆದು ಕುಂಬಳಕಾಯಿ ಒಡೆಯುವ ದಿನ ಅವರನ್ನೂ ಕರೆದು ಒಂದು ಬಟ್ಟೆ, ಸ್ವೀಟು ಕೊಡಿ. ಅವರ ಮನೆಯ ಹಬ್ಬ ರಂಜಾನ್ ಆದರೆ ಆಗ ಕೊಡಿ. ವರ್ಷಕ್ಕೆ ಒಮ್ಮೆಯಾದರೂ ಸಾಕು.

ಪ್ರಶ್ನೆ: ನಮ್ಮಲ್ಲಿ ಕುದುರೆ ಇಲ್ಲ, ಒಂದು ಜೋಡಿ ಎತ್ತಿವೆ. ಸಂತೆಯಲ್ಲಿ ಲಾಳ ಹೊಡೆಯುವವರು ಎತ್ತು ಕೆಡವುವ ಮೊದಲೇ 'ಕುಡಿಯೋಕೆ ಕಾಸು ಕೊಡ್ರಿ' ಅನ್ನುತ್ತಾರೆ. ಕೊಡದಿದ್ದರೆ ಒರಟಾಗಿ ಕೆಡವುತ್ತಾರೇನೋ ಎಂದು ಕೊಟ್ಟುಬಿಡುತ್ತೇನೆ. ಇದು ಸರಿಯೇ?
– ರೈತರು, ಹಾವೇರಿ ಜಿಲ್ಲೆ

ಉತ್ತರ: ಹಗ್ಗ ಹಾಕಿ ಕೆಡವಿದ ಎತ್ತಿನ ಪಕ್ಕ ನಿಂತಾಗ ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. ನೀವು ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಇನ್ನು ಮುಂದೆ ಕ್ರಮವನ್ನು ಮಾತ್ರ ತಿರುಗಿಸಿ: ಮೊದಲು ದರ, ಆಮೇಲೆ ಕೆಲಸ, ಕೊನೆಗೆ ಖುಷಿ.

ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ಲಾಳದ ಬಿಲ್ಲೆ, ನಾಲ್ಕು ಕಾಲಿಗೆ ಎಂಟು. ಎಂಟಕ್ಕೂ ಸೇರಿ ಎಷ್ಟೆಂದು ಮೊದಲೇ ಮಾತಾಡಿ. ಕೆಲಸಕ್ಕೆ ಮುಂಚೆ ಕುಡಿಯಲು ಕಾಸು ಕೊಡಲೇಬೇಡಿ. ಸುತ್ತಿಗೆ ಹಿಡಿಯುವ ಕೈ ನಡುಗಿದರೆ ನಷ್ಟ ನಿಮ್ಮ ಎತ್ತಿಗೆ. 'ಮುಗಿಸ್ರಿ, ಚಹಾ ನನ್ನ ಕಡೆಯಿಂದ' ಅಂದರೆ ಅವರ ಮರ್ಯಾದೆಯೂ ಉಳಿಯಿತು, ನಿಮ್ಮದೂ ಉಳಿಯಿತು.

ಅವತ್ತು ಬೆಳಿಗ್ಗೆ ಎತ್ತಿಗೆ ಹೊಟ್ಟೆ ತುಂಬ ಮೇವು ಹಾಕಬೇಡಿ. ತುಂಬಿದ ಹೊಟ್ಟೆಯಲ್ಲಿ ಬಹಳ ಹೊತ್ತು ಮಲಗಿಸಿದರೆ ಹೊಟ್ಟೆ ಉಬ್ಬರಿಸುವ ಅಪಾಯವಿದೆ. ಕಲ್ಲಿಲ್ಲದ ಮೆತ್ತನೆಯ ಜಾಗ ನೋಡಿ ಕೆಡವಿಸಿ. ಹಗ್ಗ ಹಿಡಿದು ಜಗ್ಗಿದ ಹುಡುಗರಿಗೂ ಚಹಾ ಹೇಳುವುದನ್ನು ಮರೆಯಬೇಡಿ.

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಮಗಳಿಗೆ ಒಂದು ಪೋನಿ (ಗಿಡ್ಡ ತಳಿಯ ಕುದುರೆ) ತೆಗೆದುಕೊಟ್ಟಿದ್ದೇವೆ. ಇಲ್ಲಿ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಲ್ಲೂ ಬಿಲ್ಲಿನ ಮೇಲೆ ಶೇ 15–20 ಟಿಪ್ಸ್ ಕೊಡಬೇಕು. ಫ್ಯಾರಿಯರ್‌ಗೂ ಅದೇ ಲೆಕ್ಕವೇ? ಕೊಡದೆ ಜಿಪುಣರು ಅನ್ನಿಸಿಕೊಳ್ಳಲು ಇಷ್ಟವಿಲ್ಲ.
– ಕನ್ನಡಿಗ ದಂಪತಿ, ಟೆಕ್ಸಸ್

ಉತ್ತರ: ಪರದೇಶದಲ್ಲಿ ಊರವರ ರೀತಿ ತಿಳಿಯದೆ ಮುಜುಗರವಾಗುವುದು ಎಲ್ಲರಿಗೂ ಇದ್ದದ್ದೇ. ಹೋಟೆಲಿನ ಲೆಕ್ಕವನ್ನು ಇಲ್ಲಿಗೆ ತರಬೇಕಾಗಿಲ್ಲ.

ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ತನ್ನ ಕೈಯಿಂದ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ. ಟಿಪ್ಸ್ ಸೇರಿ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟಿದರಾಯಿತು. ಹಲವು ರಾಜ್ಯಗಳು ಹೆಚ್ಚು ಗೊತ್ತುಮಾಡಿವೆ, ಟೆಕ್ಸಸ್ ಮಾಡಿಲ್ಲ. ಅಂದರೆ ಊಟ ಬಡಿಸುವವರಿಗೆ ಟಿಪ್ಸ್ ಎಂಬುದು ಸಂಬಳದ ಒಂದು ಭಾಗ. ಫ್ಯಾರಿಯರ್‌ಗಳಲ್ಲಿ ಹೆಚ್ಚಿನವರು ಸ್ವಂತ ಕಸುಬುದಾರರು. ಗಾಡಿ, ಕುಲುಮೆ, ಅಡಿಗಲ್ಲು ಎಲ್ಲವೂ ಅವರವೇ, ದರವೂ ಅವರದೇ. ಕೊಡದಿದ್ದರೆ ಯಾರೂ ಜಿಪುಣರು ಅನ್ನುವುದಿಲ್ಲ. ಕ್ರಿಸ್‌ಮಸ್‌ಗೆ ಒಂದು ಕಾರ್ಡಿನಲ್ಲಿ ಸ್ವಲ್ಪ ಹಣವಿಟ್ಟು ಕೊಡುವವರಿದ್ದಾರೆ. ಭಾನುವಾರ ಲಾಳ ಕಳಚಿತೆಂದು ಕರೆದಾಗ ಓಡಿಬಂದವರಿಗೆ ಹೆಚ್ಚು ಕೊಡುವವರಿದ್ದಾರೆ. ನಿಮಗೂ ಅಷ್ಟೇ ಸಾಕು.

ಟಿಪ್ಸಿಗಿಂತ ಮುಖ್ಯವಾದ ಮಾತೊಂದಿದೆ. ಬ್ರಿಟನ್ನಿನಲ್ಲಿ 1975ರ ಕಾಯ್ದೆಯಿಂದಾಗಿ ನೋಂದಣಿ ಇಲ್ಲದವರು ಕುದುರೆಗೆ ಲಾಳ ಕಟ್ಟುವುದು ಅಪರಾಧ. ಅಮೆರಿಕದಲ್ಲಿ ಅಂಥ ದೇಶವ್ಯಾಪಿ ಕಾನೂನಿಲ್ಲ. ಅಮೆರಿಕನ್ ಫ್ಯಾರಿಯರ್ಸ್ ಅಸೋಸಿಯೇಷನ್ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ, ಅದು ಇಷ್ಟವಿದ್ದವರಿಗೆ ಮಾತ್ರ. ಆದ್ದರಿಂದ ಕೈ ಒಳ್ಳೆಯದೇ ಎಂದು ಪಶುವೈದ್ಯರನ್ನು, ಅಕ್ಕಪಕ್ಕದ ಕುದುರೆ ಮಾಲೀಕರನ್ನು ವಿಚಾರಿಸಿ. ಒಳ್ಳೆಯವರು ಸಿಕ್ಕರೆ ಅವರು ಹೇಳಿದ ದರಕ್ಕೆ ಚೌಕಾಸಿ ಮಾಡಬೇಡಿ.

ಪ್ರಶ್ನೆ: ತೋಟದಲ್ಲಿ ಎರಡು ವರ್ಷದ ಗಂಡು ಕುದುರೆಮರಿಯಿದೆ. ಮೊದಲ ಸಲ ಗೊರಸು ಕತ್ತರಿಸಲು ಬಂದವರ ತೊಡೆಗೆ ಒದ್ದುಬಿಟ್ಟಿತು. ಬಾತುಕೊಂಡಿತ್ತು. ಕೂಲಿಯ ಜೊತೆ 500 ರೂಪಾಯಿ ಕೊಟ್ಟು ಕಳಿಸಿದೆ. ಇನ್ನೂ ಹೆಚ್ಚು ಕೊಡಬೇಕಿತ್ತೆ? ತಿರುಗಿ ಬರುತ್ತಾರೋ ಇಲ್ಲವೋ ಎಂಬ ಚಿಂತೆ.
– ತೋಟದ ಮಾಲೀಕರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದೇ. ಆದರೆ ಆ 500 ರೂಪಾಯಿಯನ್ನು ಇನಾಮು ಎಂದು ಲೆಕ್ಕಹಾಕಬೇಡಿ. ನಿಮ್ಮ ಪ್ರಾಣಿಯಿಂದ ಪೆಟ್ಟಾದರೆ ಆಸ್ಪತ್ರೆ ಖರ್ಚು, ಅವರು ಮಲಗಿದ ದಿನಗಳ ಕೂಲಿ ನಿಮ್ಮ ಹೊಣೆ. ಮನೆಗೆ ಹೋಗಿ ವಿಚಾರಿಸಿ, ಖರ್ಚು ಎಷ್ಟಾಯಿತೆಂದು ನೀವೇ ಕೇಳಿ ಕೊಡಿ. ಹೀಗೆ ಹೋದ ಮಾಲೀಕರ ತೋಟಕ್ಕೆ ಮರಳಿ ಬರಲು ಅವರಿಗೆ ಮನಸ್ಸಾಗುತ್ತದೆ.

ಈಗ ಮರಿಗೆ ಪಾಠ. ದಿನಾ ಒಂದಿಷ್ಟು ಹೊತ್ತು ಹೆಗಲಿನಿಂದ ಕೈ ಸವರುತ್ತ ಕೆಳಗಿಳಿದು ಮುಂಗಾಲು ಎತ್ತಿ. ಅದು ಎಳೆದುಕೊಳ್ಳುವ ಮುಂಚೆಯೇ ನೀವಾಗಿ ಮೆಲ್ಲಗೆ ನೆಲಕ್ಕಿಡಿ, ಕುತ್ತಿಗೆ ತಟ್ಟಿ. ಹಿಡಿಯುವ ಹೊತ್ತನ್ನು ದಿನದಿಂದ ದಿನಕ್ಕೆ ಹೆಚ್ಚಿಸಿ. ಮುಂಗಾಲು ಒಪ್ಪಿದ ಮೇಲೆ ಹಿಂಗಾಲು; ಅದಕ್ಕೆ ಅನುಭವಿಯೊಬ್ಬರು ಜೊತೆಗಿರಲಿ. ಕಾಲು ನೆಟ್ಟಗೆ ಕೊಡಲು ಕಲಿತ ಮೇಲೆ ಅಂಗಾಲಿಗೆ ಮೆತ್ತಗೆ ತಟ್ಟುವುದನ್ನೂ ಅಭ್ಯಾಸ ಮಾಡಿಸಿ. ಸುತ್ತಿಗೆಯ ಸದ್ದು ಅದಕ್ಕೆ ಹೊಸದಾಗಿರಬಾರದು.

ಅವರು ಬರುವ ದಿನ ಸಮತಟ್ಟಾದ, ಒಣಗಿದ, ನೆರಳೂ ಬೆಳಕೂ ಇರುವ ಜಾಗ ಸಿದ್ಧವಿರಲಿ. ಕಾಲಿನ ಕೆಸರು ತೊಳೆದು ಒರೆಸಿಡಿ. ತಲೆ ಹಿಡಿಯುವವರು ಮರಿಗೆ ಪರಿಚಿತರಾಗಿರಲಿ, ಕೆಲಸ ನಡೆಯುವ ಮಗ್ಗುಲಲ್ಲೇ ನಿಲ್ಲಲಿ. ಇಷ್ಟಾದರೂ ಮರಿ ತಡೆಯದಿದ್ದರೆ ಪಶುವೈದ್ಯರನ್ನು ಕರೆಸಿ ಮಂಪರಿನ ಮದ್ದು ಕೊಡಿಸಿ. ಮದ್ದನ್ನು ನೀವೇ ತಂದು ಚುಚ್ಚಬೇಡಿ.

ಐದು ಪತ್ರಗಳಿಗೂ ಸೇರಿಸಿ ಹೇಳುವುದಾದರೆ, ಇನಾಮು ಕೊಡುವುದು ನಿಮ್ಮ ಇಷ್ಟ, ಕೂಲಿ ಕೊಡುವುದು ನಿಮ್ಮ ಕರ್ತವ್ಯ. ದಿನವಿಡೀ ಸೊಂಟ ಬಗ್ಗಿಸಿ ಒದೆಯ ಭಯದಲ್ಲೇ ದುಡಿಯುವವರಿಗೆ ಒಪ್ಪಿದ ಹಣವನ್ನು ಅದೇ ದಿನ ಕೊಡಿ, ಕಾಲು ನೆಟ್ಟಗೆ ಕೊಡುವ ಕುದುರೆಯನ್ನು ಅವರ ಮುಂದೆ ನಿಲ್ಲಿಸಿ, ಮುಂದಿನ ಸಲದ ದಿನಾಂಕವನ್ನು ಅವರು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಿ.