ಕಡಲಾಮೆಗೆ ಟಾರ್ಚು ಯಾಕೆ ಬೇಡ? ಎಂಟನೆಯ ತರಗತಿಯಲ್ಲಿ ಒಂದು ವಿಸ್ತರಣಾ ಪಾಠ

ನಾನು ಬೋಧಿಸಿದ ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಎಂಬ ಪಾಠವಿದೆ. ಅದರ ಮುಖ್ಯ ಉದಾಹರಣೆ ಮಧ್ಯಪ್ರದೇಶದ ಪಚ್‌ಮಡಿ ಜೀವಗೋಳ ಮೀಸಲು. ಸಾಲ ಮರ, ಕಾಡುಮಾವು, ದೈತ್ಯ ಅಳಿಲು ಎಲ್ಲ ಬರುತ್ತವೆ. ಕಡಲು ಮಾತ್ರ ಬರುವುದಿಲ್ಲ. ನನಗೆ ಅಭ್ಯಾಸ ಬೋಧನೆಗೆ ಸಿಕ್ಕ ಶಾಲೆಯಾದರೋ ಉತ್ತರ ಕನ್ನಡದ ಕಡಲತೀರದ್ದು. ಆದ್ದರಿಂದ 5ಇ ಮಾದರಿಯ ವಿಸ್ತರಣೆ ಹಂತಕ್ಕೆ ಅಂಡಮಾನ್ ದ್ವೀಪಗಳ ತೀರವನ್ನು ಆರಿಸಿಕೊಂಡೆ.

ನಮ್ಮ ತೀರದಲ್ಲೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ, ಅಷ್ಟು ದೂರ ಯಾಕೆ ಹೋದಿರಿ ಎಂದು ಸಹಪಾಠಿ ವೀಕ್ಷಕರು ಕೇಳಿದರು. ಕಾರಣ ಎರಡು. ಉತ್ತರ ಅಂಡಮಾನಿನ ದಿಗ್ಲಿಪುರದ ಬಳಿಯ ಕಾಲಿಪುರ್ ತೀರ ಒಂದಕ್ಕೇ ಆಲಿವ್ ರಿಡ್ಲೆ, ಹಸಿರು ಆಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್ ಹೀಗೆ ನಾಲ್ಕು ಬಗೆಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಎರಡನೆಯದು, ತರಗತಿಯ ಕೆಲವು ಮಕ್ಕಳ ಮನೆಯವರು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ದುಡಿಯುವವರು. ಊರಿನ ಉದಾಹರಣೆಯಿಂದಲೇ ಆರಂಭಿಸಿದರೆ ಮಗುವಿಗೆ ತನ್ನ ಅಪ್ಪನ ಮೇಲೆ ದೂರು ಹೇಳಿದ ಹಾಗೆ ಕೇಳಿಸುತ್ತದೆ. ದೂರದ ದ್ವೀಪದಲ್ಲಿ ಯೋಚಿಸಿ ಊರಿಗೆ ಮರಳುವುದು ಸುಲಭ.

ಪರಿಸರಸ್ನೇಹಿ ಪ್ರವಾಸ ಎಂದರೇನು ಎಂದು ಮೊದಲ ಅವಧಿಯಲ್ಲಿ ಕೇಳಿದ್ದಕ್ಕೆ ಬಂದ ಉತ್ತರ ಬಹುತೇಕ ಒಂದೇ: ಪ್ಲಾಸ್ಟಿಕ್ ಎಸೆಯಬಾರದು. ಉತ್ತರ ಸರಿಯೇ. ಆದರೆ ಅದು ಗೋಡೆಬರಹದಿಂದ ಬಂದದ್ದು, ಪ್ರಾಣಿಯ ತಿಳಿವಳಿಕೆಯಿಂದಲ್ಲ. ನಿಯಮವನ್ನು ನಾನು ಹೇಳುವುದಿಲ್ಲ, ಪ್ರಾಣಿಯ ದೇಹವನ್ನು ಮಾತ್ರ ವಿವರಿಸುತ್ತೇನೆ, ನಿಯಮವನ್ನು ಮಕ್ಕಳೇ ಬರೆಯಬೇಕು ಎಂದು ಪಾಠ ಯೋಜನೆಯಲ್ಲಿ ನಮೂದಿಸಿದ್ದೆ.

ಹೆಚ್ಚು ಸಮಯ ಕೊಟ್ಟದ್ದು ಆಮೆಮರಿಯ ಚಟುವಟಿಕೆಗೆ. ಪ್ರಯೋಗಾಲಯದ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಅಗಲವಾದ ಟ್ರೇಯಲ್ಲಿ ಮರಳು ತುಂಬಿದೆವು. ಒಂದು ತುದಿಗೆ ಬಿಳಿ ಚಾರ್ಟ್, ಇನ್ನೊಂದು ತುದಿಗೆ ಕಪ್ಪು ಬಟ್ಟೆ. ಕಂಬಳಿಯ ಸಂದಿಯಿಂದ ಬಂದ ತುಸು ಬೆಳಕು ಚಾರ್ಟಿನ ಮೇಲೆ ಬೀಳುವಂತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕುಕ್ಕರುಗಾಲಲ್ಲಿ ಕುಳಿತು, ಕಣ್ಣನ್ನು ಮರಳಿನ ಮಟ್ಟಕ್ಕೆ ತಂದು, ಯಾವ ಕಡೆ ಬೆಳಕಿದೆ ಎಂದು ಹೇಳಬೇಕು. ಎಲ್ಲರೂ ಚಾರ್ಟ್ ತೋರಿಸಿದರು. ನಿಜವಾದ ತೀರದಲ್ಲೂ ಹೀಗೆಯೇ: ರಾತ್ರಿ ನಕ್ಷತ್ರ, ಚಂದ್ರರ ಬೆಳಕು ಬಿದ್ದ ಕಡಲಿನ ಕಡೆ ತಿಳಿಯಾಗಿರುತ್ತದೆ, ಮರಗಿಡಗಳಿರುವ ನೆಲದ ಕಡೆ ಕಪ್ಪಾಗಿರುತ್ತದೆ. ಗೂಡಿನಿಂದ ಹೊರಬಂದ ಮರಿ ತಿಳಿಯಾದ, ತಗ್ಗಿನ ದಿಗಂತದತ್ತ ಹರಿಯುತ್ತದೆ. ಅನಂತರ ಕಪ್ಪು ಬಟ್ಟೆಯ ಬದಿಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿದೆ. ಎಲ್ಲ ಬೆರಳುಗಳೂ ಅತ್ತ ತಿರುಗಿದವು. ನಾನು ಏನೂ ಹೇಳಬೇಕಾಗಲಿಲ್ಲ.

ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿದಾಗ ಮಾತ್ರ ಚಟುವಟಿಕೆಗೆ ಮಿತಿಯಿದೆ. ಕಡಲಾಮೆಯ ಕಣ್ಣಿಗೆ ನೀಲಿ, ಹಸಿರು ಬೆಳಕು ಚುರುಕಾಗಿ ತಾಗುತ್ತದೆ, ಕೆಂಪು ಕಡಿಮೆ. ನಮ್ಮ ಕಣ್ಣು ಹಾಗಲ್ಲವಾದ್ದರಿಂದ ಈ ಭಾಗವನ್ನು ತೋರಿಸಲಾಗದು, ಹೇಳಿಯೇ ತಿಳಿಸಬೇಕು. ಇದೇ ಪಾಠ ಮಾಡುವವರು ಮಾದರಿ ಎಲ್ಲಿಯವರೆಗೆ ನಿಜ ಎಂಬುದನ್ನು ಮಕ್ಕಳ ಮುಂದೆಯೇ ಹೇಳುವುದು ಒಳ್ಳೆಯದು.

ತಾಯಿ ಆಮೆಯ ವಿಷಯವನ್ನು ಕಪ್ಪುಹಲಗೆಯ ಚಿತ್ರದಿಂದ ಮುಗಿಸಿದೆ. ನೀರಿನಿಂದ ಮೇಲೆ ಬರುವಾಗ ಅದು ಬಹಳ ಅಂಜುತ್ತದೆ. ಬೆಳಕೋ ಓಡಾಟವೋ ಕಂಡರೆ ಮೊಟ್ಟೆಯಿಡದೆಯೇ ಹಿಂದಿರುಗಬಹುದು. ಇಟ್ಟ ಮೊಟ್ಟೆಯೊಳಗಿನ ಭ್ರೂಣ ಕೆಲವು ಗಂಟೆಗಳಲ್ಲಿ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಉರುಳಿಸಿದರೆ ಸಾಯುವ ಸಾಧ್ಯತೆಯೇ ಹೆಚ್ಚು. ಮರಳಿನ ಉಷ್ಣತೆ ಸುಮಾರು 29 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣುಮರಿಗಳ ಪಾಲು ಹೆಚ್ಚು, ಕೆಳಗಿದ್ದರೆ ಗಂಡುಮರಿಗಳದು. ಇಷ್ಟು ಕೇಳಿದ ಮೇಲೆ ಗುಂಪುಗಳು ಬರೆದ ನಿಯಮಗಳಲ್ಲಿ ‘ಆಮೆಯ ಹಿಂದೆ ಅಲುಗಾಡದೆ ಕೂರಬೇಕು’, ‘ಮೊಟ್ಟೆ ಕೈಯಲ್ಲಿ ಹಿಡಿದು ಫೋಟೊ ಬೇಡ’, ‘ತೀರದ ಮರ ಕಡಿಯಬಾರದು, ನೆರಳು ಹೋಗುತ್ತದೆ’ ಎಂಬವಿದ್ದವು. ಮೂರನೆಯದು ನನ್ನ ಯೋಜನೆಯಲ್ಲೇ ಇರಲಿಲ್ಲ.

ಸನ್ಯಾಸಿ ಏಡಿ, ಹವಳ, ಮೊಸಳೆಗಳಿಗೆ ಒಂದೊಂದು ಚೀಟಿ ಮಾತ್ರ. ಏಡಿಯ ಹಿಂಭಾಗ ಮೆತ್ತಗಿದ್ದು ಸ್ವಂತ ಚಿಪ್ಪಿಲ್ಲ, ಹಾಗಾಗಿ ನಮಗೆ ಖಾಲಿ ಶಂಖವೆನಿಸಿದ್ದು ಅದಕ್ಕೆ ಮನೆ. ಸತ್ತ ಹವಳದ ಮೇಲೆಯೇ ಎಳೆಯ ಹವಳ ಬೇರೂರುತ್ತದೆ. ಅಂಡಮಾನಿನಿಂದ ಹವಳದ ತುಂಡು ಒಯ್ಯುವಂತಿಲ್ಲ. ಉಪ್ಪುನೀರಿನ ಮೊಸಳೆಯ ನಾಲಿಗೆಯಲ್ಲಿ ಉಪ್ಪು ಹೊರಹಾಕುವ ಗ್ರಂಥಿಗಳಿರುವುದರಿಂದ ಅದು ಕಡಲಲ್ಲೂ ಈಜಬಲ್ಲದು. 2010ರಲ್ಲಿ ಹ್ಯಾವ್‌ಲಾಕ್ ದ್ವೀಪದಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕ ಪ್ರವಾಸಿಯ ಜೀವಕ್ಕಾಗಿಯೂ ಇದೆ ಎಂಬುದು ಹುಡುಗರಿಗೆ ಥಟ್ಟನೆ ನಾಟಿತು. ಪ್ಲಾಸ್ಟಿಕ್ಕಿನ ಮಾತಿಗೆ 1983ರಲ್ಲಿ ಸ್ಥಾಪನೆಯಾದ ವಂಡೂರಿನ ಸಾಗರ ರಾಷ್ಟ್ರೀಯ ಉದ್ಯಾನವನ್ನು ಉದಾಹರಿಸಿದೆ: ಅಲ್ಲಿಂದ ಜಾಲಿ ಬಾಯ್ ದ್ವೀಪಕ್ಕೆ ಹೊರಟವರ ಚೀಲದಲ್ಲಿ ಬಿಸಾಡುವ ಪ್ಲಾಸ್ಟಿಕ್ ಇರುವಂತಿಲ್ಲ.

ಜಾರವಾ ಜನರ ಪ್ರಸ್ತಾಪವನ್ನು ಬೇಕೆಂದೇ ತರಲಿಲ್ಲ. ಅವರ ಮೀಸಲು ಪ್ರದೇಶದ ನಡುವಿನ ರಸ್ತೆಯಲ್ಲಿ ಪ್ರವಾಸಿಗರು ಹೇಗೆ ವರ್ತಿಸಬೇಕೆಂಬುದು ದೊಡ್ಡ ಪ್ರಶ್ನೆಯೇ. ಆದರೆ ಪ್ರಾಣಿಗಳ ಪಾಠದ ಕೊನೆಗೆ ಮನುಷ್ಯರನ್ನು ಸೇರಿಸಿದರೆ ಮಗು ಕಲಿಯುವುದೇ ಬೇರೆ. ಅದು ಸಮಾಜ ವಿಜ್ಞಾನದ ಅವಧಿಗೆ ಸೇರಬೇಕು.

ಎರಡನೆಯ ಅವಧಿಯಲ್ಲಿ ದೋಣಿ ನಡೆಸುವವರ ಮನೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಟೀಚರ್, ಟಾರ್ಚೇ ಹಾಕ್ಬಾರ್ದು ಅಂದ್ರೆ ಬಂದವರಿಗೆ ಎಂತ ಕಾಣ್ತದೆ? ಕಾಣ್ದಿದ್ರೆ ದುಡ್ಡು ಯಾರು ಕೊಡ್ತಾರೆ?” ತರಗತಿ ನಗಲಿಲ್ಲ. ಕಾಲಿಪುರದಲ್ಲಿ ಅರಣ್ಯ ಇಲಾಖೆ ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾಯುತ್ತದೆ, ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲೆಂದೇ ಜನ ಬರುತ್ತಾರೆ ಎಂದು ಹೇಳಿದೆ. “ಅದು ಸರ್ಕಾರದ್ದು. ನಮ್ಮಪ್ಪನಿಗೆ?” ಎಂದಳು. ಹಿಂದಿನ ಬೆಂಚಿನವನೊಬ್ಬ, “ಆಮೆ ಬರೂದು ನಿಂತ್ರೆ ನೋಡೂಕೆ ಯಾರೂ ಬರೂದಿಲ್ಲಲ್ಲ” ಎಂದ. ಅವಳು, “ಅದು ಮುಂದಿನ ವರ್ಷದ್ದು, ಫೀಸು ಈ ವರ್ಷದ್ದು” ಎಂದಳು. ಇದಕ್ಕೆ ಒಂದು ವಾಕ್ಯದ ಉತ್ತರ ಕೊಟ್ಟು ಮುಗಿಸುವುದು ನನಗೆ ಸರಿಕಾಣಲಿಲ್ಲ. ಪ್ರಶ್ನೆಯನ್ನು ಹಾಗೆಯೇ ಹಲಗೆಯ ಮೇಲೆ ಬರೆದು ಮೌಲ್ಯಮಾಪನದ ಕೆಲಸವನ್ನಾಗಿ ಮಾಡಿದೆ: ದೋಣಿಯವರಿಗೆ ಗಿರಾಕಿಯೂ ತಪ್ಪಬಾರದು, ಪ್ರಾಣಿಗೂ ತೊಂದರೆಯಾಗಬಾರದು, ಅಂಥ ಐದು ನಿಯಮಗಳನ್ನು ಕಾರಣ ಸಹಿತ ಬರೆಯಿರಿ. ಕಾರಣವಿಲ್ಲದ ನಿಯಮಕ್ಕೆ ಅರ್ಧ ಅಂಕ.

ವಿಷಯ ಶಿಕ್ಷಕರು ಹಿಮ್ಮಾಹಿತಿಯಲ್ಲಿ ಆಕ್ಷೇಪ ಎತ್ತಿದರು. ಎರಡು ಅವಧಿ ಹೋಯಿತು, ಎಂಡೆಮಿಕ್ ಪ್ರಭೇದ, ರೆಡ್ ಡಾಟಾ ಪುಸ್ತಕಗಳ ವ್ಯಾಖ್ಯೆ ಪರೀಕ್ಷೆಗೆ ಬೇಕಲ್ಲ ಎಂದು. ಮಾತಿನಲ್ಲಿ ಹುರುಳಿದೆ. ಎಂಡೆಮಿಕ್ ಪದಕ್ಕೆ ನಾರ್ಕೊಂಡಂ ಎಂಬ ಒಂದೇ ಪುಟ್ಟ ದ್ವೀಪದಲ್ಲಿರುವ ಮಂಗಟ್ಟೆ ಹಕ್ಕಿಯನ್ನು ಹೇಳಿದ್ದೆ, ಅದು ಹತ್ತು ನಿಮಿಷದಲ್ಲಿ ಮುಗಿದಿತ್ತು. ಆದರೂ ಇಡೀ ಪಾಠವನ್ನು ವ್ಯಾಖ್ಯೆಗಳಿಗೆ ಒಪ್ಪಿಸಲು ನನಗೆ ಮನಸ್ಸಿಲ್ಲ. ಈ ಮಕ್ಕಳಲ್ಲಿ ಹಲವರು ನಾಲ್ಕೈದು ವರ್ಷಗಳಲ್ಲಿ ತಾವೇ ಪ್ರವಾಸಿಗರನ್ನು ಕರೆದೊಯ್ಯುವವರು.

ಆ ಹುಡುಗಿಯ ಉತ್ತರಪತ್ರಿಕೆಯ ನಾಲ್ಕನೆಯ ನಿಯಮ ಹೀಗಿತ್ತು: ‘ಕತ್ತಲಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತರೆ ಕಣ್ಣು ಹೊಂದಿಕೊಳ್ಳುತ್ತದೆ, ಟಾರ್ಚಿಲ್ಲದೆಯೂ ಕಾಣುತ್ತದೆ ಎಂದು ದೋಣಿ ಹತ್ತುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ದುಡ್ಡು ವಾಪಸ್ ಕೇಳುತ್ತಾರೆ.’ ಪೂರ್ಣ ಅಂಕ ಕೊಟ್ಟೆ.