ಹಳೆಯ ನೌಕರಿಯ ತಪಾಸಣೆ: ಮಾಡಬೇಕಾದ್ದು, ಮಾಡಬಾರದ್ದು

ಬೆಳಗಾವಿಯ ಹಿಂದವಾಡಿ, ಟಿಳಕವಾಡಿ, ಖಾನಾಪುರದ ಕಡೆಯಿಂದ ಬೆಂಗಳೂರು, ಪುಣೆ, ಗೋವಾಕ್ಕೆ ನೌಕರಿಗೆ ಹೊರಟವರು ಇದನ್ನು ಓದಿಯೇ ಫಾರ್ಮ್ ತುಂಬಬೇಕು. ಆಫರ್ ಲೆಟರ್ ಬಂದ ಮಾತ್ರಕ್ಕೆ ನೌಕರಿ ಪಕ್ಕಾ ಅಲ್ಲ. ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಒಳಪಟ್ಟು’ ಎಂಬ ಸಾಲು ಅದರಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಮತ್ತು ಸೇರಿದ ಮೇಲೂ ಆ ಸಾಲು ಹಿಡಿದು ಮನೆಗೆ ಕಳಿಸಬಹುದು. ಇಲ್ಲದ ಕಂಪನಿಗಳ ಹೆಸರಿನಲ್ಲಿ ಅನುಭವ ಪತ್ರ ಕೊಟ್ಟು ಸೇರಿಕೊಂಡವರನ್ನು ಭಾರತದಲ್ಲಿ ತೆಗೆದುಹಾಕಿದ್ದೇವೆ ಎಂದು ಆಕ್ಸೆಂಚರ್ ಕಂಪನಿ 2022ರಲ್ಲಿ ತಾನೇ ಹೇಳಿತ್ತು.

ತಪಾಸಣೆ ಏಜೆನ್ಸಿಯವರು ನಿಮ್ಮ ಪತ್ರವನ್ನಷ್ಟೇ ನಂಬಿ ಕೂರುವುದಿಲ್ಲ. ನಿಮ್ಮ ಬಗ್ಗೆ ಬೇರೆಯವರು ಬರೆದಿಟ್ಟದ್ದನ್ನು ನೋಡುತ್ತಾರೆ: ಪಿಎಫ್‌ನ ಸರ್ವಿಸ್ ಹಿಸ್ಟರಿ, ಟಿಡಿಎಸ್ ಮುರಿದವರ ಹೆಸರಿರುವ 26ಎಎಸ್, ಪಗಾರ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿ ನೋಂದಣಿಯಾದ ತಾರೀಖು. (2019ರಲ್ಲಿ ಹುಟ್ಟಿದ ಕಂಪನಿಯಲ್ಲಿ 2017ರಿಂದ ದುಡಿದೆ ಎಂದು ಬರೆದರೆ ಸಿಕ್ಕಿಬೀಳಲು ಐದು ನಿಮಿಷ ಬೇಡ.) ಆಮೇಲೆ ಹಳೆಯ ಕಂಪನಿಯ ಎಚ್‌ಆರ್‌ಗೆ ಮೇಲ್ ಹೋಗುತ್ತದೆ: ಸೇರಿದ ದಿನ ಯಾವುದು, ಬಿಟ್ಟ ದಿನ ಯಾವುದು, ಹುದ್ದೆ ಏನು, ಬಾಕಿ ಇದೆಯೇ, ಈ ಮನುಷ್ಯನನ್ನು ಮತ್ತೆ ತೆಗೆದುಕೊಳ್ಳುತ್ತೀರಾ?

ಮಾಡಬೇಕಾದ್ದು

ಫಾರ್ಮ್ ಮುಟ್ಟುವ ಮೊದಲು ನಿಮ್ಮ ಪಿಎಫ್‌ನ ಯುಎಎನ್ ಖಾತೆ ತೆರೆದು ಸರ್ವಿಸ್ ಹಿಸ್ಟರಿ ನೋಡಿ. ಅಲ್ಲಿರುವ ತಾರೀಖನ್ನೇ ಫಾರ್ಮಿನಲ್ಲೂ ಬರೆಯಿರಿ. ಅಲ್ಲಿ ತಪ್ಪಿದ್ದರೆ ಮೊದಲು ತಿದ್ದಿಸಿ. ಬಿಟ್ಟ ದಿನದ ಕಾಲಂ ಖಾಲಿ ಇದ್ದರೆ ಒಂದೇ ಸಲಕ್ಕೆ ಎರಡು ಕಡೆ ದುಡಿದಂತೆ ಕಾಣುತ್ತದೆ. ಹಳೆಯ ಮಾಲಕರು ತುಂಬದಿದ್ದರೆ ಕೊನೆಯ ವಂತಿಗೆ ಜಮಾ ಆಗಿ ಎರಡು ತಿಂಗಳಾದ ಮೇಲೆ ನೀವೇ ತುಂಬಬಹುದು. 2020ರಿಂದ ಆ ಸೌಲಭ್ಯ ಇದೆ. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡು ತುಂಬಿ, ಅಂದಾಜಿನ ಮೇಲೆ ಬೇಡ.

ಗುತ್ತಿಗೆದಾರನ ಕೆಳಗೆ ದುಡಿದವರು ಇದನ್ನು ಎರಡು ಸಲ ಓದಿ. ನೀವು ದಿನಾ ಹೋಗುತ್ತಿದ್ದುದು ದೊಡ್ಡ ಕಾರ್ಖಾನೆಗೆ. ಗೇಟ್ ಪಾಸ್ ಮೇಲೆ ಅದರದೇ ಹೆಸರು, ಊಟ ಅದರದೇ ಕ್ಯಾಂಟೀನಿನಲ್ಲಿ. ಆದರೆ ಪಿಎಫ್ ಕಟ್ಟಿದವನು ಗುತ್ತಿಗೆದಾರ. ಕಾರ್ಖಾನೆಯ ಎಚ್‌ಆರ್‌ಗೆ ಮೇಲ್ ಹೋದರೆ ‘ಈ ಹೆಸರಿನವರು ನಮ್ಮಲ್ಲಿಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಖರೇ ದುಡಿದವನು ಕಾಗದದ ಮೇಲೆ ಕಳ್ಳನಾಗುವುದು ಹೀಗೆ. ಮಾಲಕರ ಹೆಸರಿನ ಜಾಗದಲ್ಲಿ ಗುತ್ತಿಗೆದಾರನ ಹೆಸರನ್ನೇ ಬರೆಯಿರಿ, ಕೆಲಸದ ಸ್ಥಳ ಎಂದು ಕಾರ್ಖಾನೆಯ ಹೆಸರು ಹಾಕಿ.

ಪಿಎಫ್ ಕಾಯ್ದೆ ಸಾಮಾನ್ಯವಾಗಿ ಇಪ್ಪತ್ತು ಮಂದಿ ಅಥವಾ ಹೆಚ್ಚು ಜನರಿರುವ ಕಡೆಗೆ ಮಾತ್ರ. ಬೆಳಗಾವಿಯ ಉದ್ಯಮಬಾಗದಲ್ಲಿ ಎಂಟು-ಹತ್ತು ಮಂದಿ ಲೇಥ್ ಮೇಲೆ ನಿಂತು ದುಡಿಯುವ ಶೆಡ್ಡುಗಳಿವೆ. ಅಲ್ಲಿ ಕಲಿತ ಕೈಗೆ ಪುಣೆಯಲ್ಲಿ ಬೆಲೆ ಇದೆ, ಆದರೆ ದಾಖಲೆ ಇಲ್ಲ. ಅಲ್ಲಿರುವಾಗಲೇ ಮಾಡಿಸಿಕೊಳ್ಳಿ. ಪಗಾರವನ್ನು ಬ್ಯಾಂಕಿಗೆ ಹಾಕಿರಿ ಎಂದು ಕೇಳಿ. ಜಿಎಸ್‌ಟಿ ಅಥವಾ ಉದ್ಯಮ್ ನಂಬರ್ ಇರುವ ಲೆಟರ್‌ಹೆಡ್ ಮೇಲೆ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಬರೆಸಿ ಸಹಿ ತೆಗೆದುಕೊಳ್ಳಿ. ಬಿಟ್ಟು ಮೂರು ವರ್ಷವಾದ ಮೇಲೆ ಹೋಗಿ ನಿಂತರೆ ಮಾಲಕರಿಗೆ ನಿಮ್ಮ ಮುಖ ನೆನಪಿರುತ್ತದೆ, ತಾರೀಖು ನೆನಪಿರುವುದಿಲ್ಲ.

ಇಂಟರ್ನ್‌ಶಿಪ್‌ಗೂ ಇದೇ ಮಾತು. ಅದಕ್ಕೆ ಸಾಮಾನ್ಯವಾಗಿ ಪಿಎಫ್ ಇರುವುದಿಲ್ಲ. ಪ್ರಮಾಣಪತ್ರ, ಸ್ಟೈಪೆಂಡ್ ಜಮಾ ಆದ ದಾಖಲೆ, ಕಂಪನಿಯ ಮೇಲ್ ಐಡಿಯಿಂದ ಬಂದ ಪತ್ರ, ಇವಿಷ್ಟೇ ಆಧಾರ. ಅವನ್ನು ಜೋಪಾನ ಮಾಡಿ. ವಿಟಿಯು ವಿದ್ಯಾರ್ಥಿಗಳು ಕಾಲೇಜಿಗೆ ಕೊಟ್ಟ ವರದಿಯಲ್ಲಿ ಯಾವ ಕಂಪನಿ, ಎಷ್ಟು ವಾರ ಎಂದಿದೆಯೋ ಅದನ್ನೇ ರೆಸ್ಯೂಮೆಯಲ್ಲೂ ಬರೆಯಬೇಕು. ಅಪ್ರೆಂಟಿಸ್ ಆಗಿದ್ದವರು ಅಪ್ರೆಂಟಿಸ್ ಎಂದೇ ಬರೆಯಿರಿ. ಅದರಲ್ಲಿ ಕೀಳೇನಿದೆ? 1961ರ ಕಾಯ್ದೆಯ ಪ್ರಕಾರ ಮಾಡಿದ ಕರಾರು ಅದು, ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಹೆಸರು ನಮ್ಮ ಭಾಗದ ದೊಡ್ಡ ತಲೆನೋವು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ತಂದೆಯ ಹೆಸರು ಬರೀ ಒಂದಕ್ಷರ. ಆಧಾರ್, ಪ್ಯಾನ್, ಪಿಎಫ್ ಮೂರರಲ್ಲೂ ಒಂದೇ ರೀತಿ ಇರುವಂತೆ ಮಾಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬೇರೆ ಇದ್ದರೆ ಫಾರ್ಮಿನಲ್ಲೇ ಹೇಳಿಬಿಡಿ.

ಮಾಡಬಾರದ್ದು

ತಿಂಗಳು ಎಳೆಯಬೇಡಿ. ಮಾರ್ಚಿಗೆ ಬಿಟ್ಟವರು ಆಗಸ್ಟ್ ಎಂದು ಬರೆಯಬೇಡಿ. ನಡುವೆ ಖಾಲಿ ಇದ್ದರೆ ಖಾಲಿ ಇದ್ದೆ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೆ, ಅಪ್ಪನಿಗೆ ಆರಾಮ ಇರಲಿಲ್ಲ ಎಂದು ಬರೆಯಿರಿ. ಅಂಥ ಖಾಲಿ ತಿಂಗಳಿಗೆ ವಿವರಣೆ ಸಾಕು, ಸುಳ್ಳು ತಾರೀಖಿಗೆ ವಿವರಣೆಯೇ ಇಲ್ಲ.

ಗೆಳೆಯನ ಮೊಬೈಲ್ ನಂಬರನ್ನು ಮ್ಯಾನೇಜರದ್ದೆಂದು ಕೊಡಬೇಡಿ. ಏಜೆನ್ಸಿಯವರು ಕಂಪನಿಯ ನಂಬರನ್ನು ತಾವೇ ಹುಡುಕಿ ಹಚ್ಚುತ್ತಾರೆ. ಜಿಮೇಲ್‌ನಿಂದ ಮಾತಾಡುವ ‘ಎಚ್‌ಆರ್’ ಅವರಿಗೆ ಹೊಸಬನಲ್ಲ.

ಪಗಾರದ ಸ್ಲಿಪ್ಪು ತಿದ್ದಬೇಡಿ. ಸ್ಲಿಪ್ಪಿನಲ್ಲಿ ಬೇಸಿಕ್ 15,000, ಪಿಎಫ್ ಕಡಿತ 1,800. ಪಾಸ್‌ಬುಕ್ಕಿನಲ್ಲಿ ಅದೇ ತಿಂಗಳು ನಿಮ್ಮ ಪಾಲು 1,080. ಪಿಎಫ್ ಶೇಕಡಾ 12 ಎಂದು ಗೊತ್ತಿರುವ ಯಾರಿಗಾದರೂ ಅಸಲು ಬೇಸಿಕ್ 9,000 ಎಂದು ತಿಳಿಯುತ್ತದೆ.

ಅನುಭವ ಪತ್ರ ಕೊಳ್ಳಲೇಬೇಡಿ, ಕೋಚಿಂಗ್‌ನವರೇ ‘ಎಲ್ಲಾರೂ ತೊಗೋತಾರ್ರೀ’ ಅಂದರೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆಂದು ಖೊಟ್ಟಿ ದಾಖಲೆ ಸೃಷ್ಟಿಸಿದರೆ ಏಳು ವರ್ಷದವರೆಗೆ ಸೆರೆವಾಸ. ಖೊಟ್ಟಿ ಎಂದು ಗೊತ್ತಿದ್ದೂ ಬಳಸಿದವರನ್ನು ಸೃಷ್ಟಿಸಿದವರಂತೆಯೇ ಕಾಣುತ್ತದೆ ಕಾನೂನು.

ಹೇಳದೆ ಕೇಳದೆ ಕೆಲಸ ಬಿಟ್ಟು ಬಸ್ ಹತ್ತಬೇಡಿ. ‘ಓಡಿಹೋದವರು’ ಎಂದು ಎಚ್‌ಆರ್ ಒಮ್ಮೆ ಬರೆದರೆ ಅದು ಪ್ರತಿ ತಪಾಸಣೆಯಲ್ಲೂ ಬರುತ್ತದೆ. ರಾಜೀನಾಮೆ ಮೇಲ್‌ನಲ್ಲೇ ಹೋಗಲಿ.

ಈಗಿನ ಮಾಲಕರನ್ನು ಸಂಪರ್ಕಿಸಬಹುದೇ ಎಂಬ ಪ್ರಶ್ನೆಗೆ, ರಾಜೀನಾಮೆ ಕೊಡುವ ತನಕ, ‘ಬೇಡ’ ಎಂದೇ ಗುರುತು ಹಾಕಿ.

ಯುಎಎನ್ ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ. ಸರ್ವಿಸ್ ಹಿಸ್ಟರಿಯ ಪಿಡಿಎಫ್ ಕಳಿಸಿ. ತಪಾಸಣೆ ಶುಲ್ಕ ಎಂದು ರೊಕ್ಕ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಅದರ ಖರ್ಚು ಕಂಪನಿಯದು.

ಎಲ್ಲ ಸರಿ ಇದ್ದೂ ‘ದಾಖಲೆ ತಾಳೆಯಾಗಿಲ್ಲ’ ಎಂದು ಮೇಲ್ ಬಂದರೆ ಗಾಬರಿಬಿದ್ದು ಫೋನ್ ಮೇಲೆ ಫೋನ್ ಮಾಡಬೇಡಿ. ಯಾವ ಕಂಪನಿ, ಯಾವ ತಾರೀಖು ತಾಳೆಯಾಗಿಲ್ಲ ಎಂದು ಬರಹದಲ್ಲೇ ಕೇಳಿ. ಕೊಟ್ಟ ಗಡುವಿನೊಳಗೆ ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಸೇರುವಾಗಿನ ಪತ್ರ ಮೂರನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ಹಳೆಯ ಕಂಪನಿ ಮುಚ್ಚಿದ್ದರೆ ಅದನ್ನೂ ಅದೇ ಮೇಲ್‌ನಲ್ಲಿ ತಿಳಿಸಿ.